ಮನೆಯಲ್ಲಿ ಜೇಡ ಕಂಡರೆ: ಯಾವುದಕ್ಕೆ ಎಚ್ಚರ ಬೇಕು, ಯಾವುದನ್ನು ಬಿಡಬಹುದು, ಕಚ್ಚಿದರೆ ಏನು ಮಾಡಬೇಕು

ಮಳೆಗಾಲ ಶುರುವಾದ ಕೂಡಲೇ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಬಚ್ಚಲು ಮನೆ ಗೋಡೆ ಮೇಲೆ ಅಂಗೈ ಅಗಲದ ಜೇಡ ಕೂತಿದೆ, ವಿಷದ್ದಾ?" "ಮಗುವಿನ ಕುತ್ತಿಗೆ ಮೇಲೆ ಗುಳ್ಳೆ ಎದ್ದಿದೆ, ಜೇಡ ಹರಿದಿದೆ ಅಂತ ಅಜ್ಜಿ ಹೇಳ್ತಾರೆ, ಏನು ಮಾಡೋದು?" "ಯಾವ ಸ್ಪ್ರೇ ಹೊಡೆದರೆ ಜೇಡ ಪೂರ್ತಿ ಹೋಗುತ್ತೆ?" ಇವೆಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಕರ್ನಾಟಕದ ಮನೆ, ಹಿತ್ತಲು, ತೋಟಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲೇ ಒಂದು ವಿಷಯ ತಿಳಿದಿರಲಿ. ಜಗತ್ತಿನಲ್ಲಿ ಗುರುತಿಸಿರುವ ಜೇಡಗಳ ಜಾತಿ 50,000ಕ್ಕೂ ಜಾಸ್ತಿ. ಒಂದು ಸಣ್ಣ ಗುಂಪನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲದಕ್ಕೂ ವಿಷ ಇದೆ. ನೊಣ, ಜಿರಳೆ, ಸೊಳ್ಳೆಯನ್ನು ಮಲಗಿಸಲು ಅವಕ್ಕೆ ಅದು ಬೇಕು. ಆದರೆ ಮನುಷ್ಯನಿಗೆ ಆಸ್ಪತ್ರೆ ಕಾಣಿಸುವಷ್ಟು ವಿಷ ಇರುವುದು ಬೆರಳೆಣಿಕೆಯ ಜಾತಿಗಳಿಗೆ ಮಾತ್ರ. ನಮ್ಮ ಮನೆಯೊಳಗೆ ದಿನಾ ಕಾಣುವ ಜೇಡಗಳು ಆ ಪಟ್ಟಿಯಲ್ಲಿ ಇಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಕೆಳಗೆ ಒಂದೊಂದಾಗಿ ನೋಡೋಣ.

ಬೇಕಾದ ಸಾಮಾನು

ಟಾರ್ಚ್, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಗಟ್ಟಿ ರಟ್ಟು, ಉದ್ದ ಕೋಲಿನ ಪೊರಕೆ, ದಪ್ಪ ಕೈಗವಸು, ಮೂಗಿಗೆ ಮಾಸ್ಕ್. ಸಂದು ಮುಚ್ಚಲು ಸ್ವಲ್ಪ ಸಿಮೆಂಟ್ ಅಥವಾ ಸಿಲಿಕೋನ್, ಕಿಟಕಿಗೆ ಸೊಳ್ಳೆ ಜಾಲರಿ. ಫೋಟೋ ತೆಗೆಯಲು ಮೊಬೈಲ್ ಹೇಗೂ ಕೈಯಲ್ಲೇ ಇರುತ್ತದೆ.

ಹಂತ 1: ಹೊಡೆಯುವ ಮೊದಲು ನೋಡಿ

ಜೇಡ ಕಂಡ ತಕ್ಷಣ ಚಪ್ಪಲಿ ಎತ್ತಬೇಡಿ. ಜಜ್ಜಿ ಹೋದ ಜೇಡವನ್ನು ಯಾರಿಂದಲೂ ಗುರುತಿಸಲು ಆಗುವುದಿಲ್ಲ. ಒಂದು ಮೀಟರ್ ದೂರ ನಿಂತು ಫೋಟೋ ತೆಗೆಯಿರಿ. ಮೇಲಿನಿಂದ ಒಂದು, ಸಾಧ್ಯವಾದರೆ ಹೊಟ್ಟೆಯ ಕಡೆಯಿಂದ ಒಂದು, ಬಲೆಯದ್ದು ಒಂದು. ಆಮೇಲೆ ನಾಲ್ಕು ವಿಷಯ ಗಮನಿಸಿ.

ಬಲೆ ಇದೆಯೋ ಇಲ್ಲವೋ? ಇದ್ದರೆ ಚಕ್ರದಂತೆ ಅಚ್ಚುಕಟ್ಟಾಗಿದೆಯೋ, ಅಡ್ಡಾದಿಡ್ಡಿ ಎಳೆಗಳೋ? ಜೇಡ ಇರುವುದು ಸೂರಿನ ಮೂಲೆಯಲ್ಲೋ, ನೆಲದ ಹತ್ತಿರದ ಸಂದಿಯಲ್ಲೋ? ಮೊಟ್ಟೆ ಚೀಲ, ಅಂದರೆ ಮೊಟ್ಟೆಗಳನ್ನು ಸುತ್ತಿಟ್ಟ ರೇಷ್ಮೆಯ ಗಂಟು, ಯಾವ ಆಕಾರದಲ್ಲಿದೆ?

ಎಲ್ಲರೂ ತಪ್ಪುವುದು ಗಾತ್ರದ ವಿಷಯದಲ್ಲಿ. ದೊಡ್ಡದು ಕಂಡರೆ ವಿಷದ್ದು ಅಂದುಕೊಳ್ಳುತ್ತಾರೆ. ಗೋಡೆ ಮೇಲಿನ ಅಂಗೈ ಅಗಲದ ಜೇಡ ಪಾಪದ್ದು. ಕುರ್ಚಿ ಕೆಳಗೆ ಕೂತ ಒಂದು ಸೆಂಟಿಮೀಟರಿನದ್ದರ ಬಗ್ಗೆಯೇ ನೀವು ಜಾಗ್ರತೆ ವಹಿಸಬೇಕಾಗಬಹುದು.

ಹಂತ 2: ಹೆದರಬೇಕಿಲ್ಲದವನ್ನು ಗುರುತಿಸಿ

*ಗೋಡೆಯ ದೊಡ್ಡ ಕಂದು ಜೇಡ (ಹಂಟ್ಸ್‌ಮನ್).* ನನಗೆ ಬರುವ ಫೋಟೋಗಳಲ್ಲಿ ಇದೇ ಜಾಸ್ತಿ. ಕಾಲು ಚಾಚಿದರೆ 10 ಸೆಂಟಿಮೀಟರ್ ದಾಟುತ್ತದೆ. ಮೈ ಚಪ್ಪಟೆ, ಕಾಲುಗಳು ಎರಡೂ ಪಕ್ಕಕ್ಕೆ ಏಡಿಯ ಹಾಗೆ ಚಾಚಿಕೊಂಡಿರುತ್ತವೆ. ಬಲೆ ಕಟ್ಟುವುದಿಲ್ಲ, ರಾತ್ರಿ ಹೊತ್ತು ಓಡಾಡಿ ಜಿರಳೆ ಹಿಡಿಯುತ್ತದೆ. ಹೆಣ್ಣು ಕೆಲವೊಮ್ಮೆ ಬಿಳಿ ಬಿಲ್ಲೆಯಂಥ ಮೊಟ್ಟೆ ಚೀಲವನ್ನು ಎದೆಯ ಕೆಳಗೆ ಅವಚಿಕೊಂಡೇ ಗೋಡೆ ಹತ್ತುತ್ತದೆ. ಆಗ ಮಾತ್ರ ಕೆಣಕಬೇಡಿ, ಕಚ್ಚುವ ಸಾಧ್ಯತೆ ಇದೆ. ಕಚ್ಚಿದರೂ ಉರಿ, ಸ್ವಲ್ಪ ಊತ ಅಷ್ಟೇ. ಬಾಳೆಗೊನೆಗಳ ಜೊತೆ ಹಡಗು ಹತ್ತಿ ಜಗತ್ತಿನ ಬೆಚ್ಚಗಿನ ದೇಶಗಳಿಗೆಲ್ಲ ಹೋಗಿ ನೆಲೆಸಿರುವ ಜೇಡ ಇದು.

*ಸೂರಿನ ಮೂಲೆಯ ಉದ್ದ ಕಾಲಿನದ್ದು.* ಕೂದಲಿನಷ್ಟು ತೆಳ್ಳಗಿನ ಕಾಲು, ಸಣ್ಣ ಮೈ, ಧೂಳು ಹಿಡಿದ ಅಡ್ಡಾದಿಡ್ಡಿ ಬಲೆ. ಮುಟ್ಟಿದರೆ ಇಡೀ ಮೈಯನ್ನು ಗಡಗಡ ಅಲ್ಲಾಡಿಸುತ್ತದೆ. ತಾಯಿ ಜೇಡ ಮೊಟ್ಟೆಗಳ ಗಂಟನ್ನು ಬಾಯಲ್ಲೇ ಕಚ್ಚಿಕೊಂಡು ನೇತಾಡುವುದನ್ನು ಹತ್ತಿರದಿಂದ ನೋಡಿದರೆ ಕಾಣಬಹುದು. "ಇದರ ವಿಷ ಎಲ್ಲಕ್ಕಿಂತ ಘೋರ, ಹಲ್ಲು ಚಿಕ್ಕದಾದ್ದರಿಂದ ಕಚ್ಚಲು ಆಗಲ್ಲ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದು ಸುಳ್ಳು. ಇದರ ವಿಷ ತೀರಾ ದುರ್ಬಲ.

*ನೆಗೆಯುವ ಜೇಡ.* ಕಿಟಕಿ, ಟಿವಿ ಹತ್ತಿರ ಪುಟಪುಟನೆ ಹಾರುತ್ತಿರುತ್ತದೆ. ಮುಂದೆ ಎರಡು ದೊಡ್ಡ ಕಣ್ಣು. ನೀವು ಬೆರಳು ಆಡಿಸಿದರೆ ತಿರುಗಿ ನೋಡುತ್ತದೆ. ಮನೆಯಲ್ಲಿ ಇರಲು ಬಿಡಿ, ಸೊಳ್ಳೆ ತಿನ್ನುತ್ತದೆ.

*ತೋಟದ ದೊಡ್ಡ ಬಲೆಯವು.* ಮಲೆನಾಡಿನ ಕಾಫಿ, ಅಡಿಕೆ ತೋಟದಲ್ಲಿ ಬಿಸಿಲಿಗೆ ಬಂಗಾರದ ಬಣ್ಣಕ್ಕೆ ಹೊಳೆಯುವ ಬಲೆ, ನಡುವೆ ಕಪ್ಪು-ಹಳದಿಯ ದೊಡ್ಡ ಜೇಡ ಕಂಡಿರುತ್ತೀರಿ ಅಲ್ವಾ? ಅದೂ, ಬಲೆಯ ಮಧ್ಯೆ ಬಿಳಿ ಅಂಕುಡೊಂಕು ಗೀಟು ಎಳೆದು ಕೂರುವ ಸಿಗ್ನೇಚರ್ ಜೇಡವೂ ನಿರುಪದ್ರವಿ. ದಾರಿಗೆ ಅಡ್ಡ ಇದ್ದರೆ ಕೋಲಿನಿಂದ ಬಲೆಯನ್ನು ಪಕ್ಕಕ್ಕೆ ಸರಿಸಿ ಸಾಕು.

ಹಂತ 3: ಎಚ್ಚರ ಬೇಕಾದವು

*ಬ್ರೌನ್ ವಿಡೋ.* ವಿಡೋ ಎಂಬುದು ನರಗಳ ಮೇಲೆ ಕೆಲಸ ಮಾಡುವ ವಿಷವಿರುವ ಜೇಡಗಳ ಗುಂಪು. ಅಮೆರಿಕದ ಬ್ಲ್ಯಾಕ್ ವಿಡೋ, ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಇದೇ ಗುಂಪಿನವು. ಬ್ರೌನ್ ವಿಡೋ ಭಾರತದಲ್ಲಿ ಇದೆ ಎಂಬ ಮೊದಲ ವೈಜ್ಞಾನಿಕ ವರದಿ ಬಂದದ್ದು 2007ರಲ್ಲಿ. ಆಮೇಲೆ ದಕ್ಷಿಣ ಭಾರತದಲ್ಲೂ ಕಾಣಿಸಿದೆ.

ಹೆಣ್ಣಿನ ಮೈ ಸುಮಾರು ಒಂದು ಸೆಂಟಿಮೀಟರ್. ಹೊಟ್ಟೆ ದುಂಡಗೆ, ಬೂದು ಅಥವಾ ಕಂದು ಬಣ್ಣ, ಕಾಲುಗಳಲ್ಲಿ ತಿಳಿ-ಗಾಢ ಪಟ್ಟೆ. ಬಲೆಯಲ್ಲಿ ತಲೆಕೆಳಗಾಗಿ ನೇತಾಡುವುದರಿಂದ ಹೊಟ್ಟೆಯ ಅಡಿಭಾಗ ಮೇಲಕ್ಕೆ ಕಾಣುತ್ತದೆ. ಅಲ್ಲಿ ಕಿತ್ತಳೆ-ಕೆಂಪು ಬಣ್ಣದ ಗುರುತು, ಎರಡು ತ್ರಿಕೋನ ತುದಿಗೆ ತುದಿ ತಾಗಿಸಿದಂತೆ. ಇದಕ್ಕಿಂತ ಸುಲಭದ ಗುರುತು ಮೊಟ್ಟೆ ಚೀಲ. ಎಳೇ ಹಲಸಿನ ಗುಜ್ಜೆಯನ್ನು ಬಟಾಣಿ ಗಾತ್ರಕ್ಕೆ ಕುಗ್ಗಿಸಿದ ಹಾಗೆ, ದುಂಡಗಿನ ಚೀಲದ ತುಂಬ ಮುಳ್ಳುಮುಳ್ಳು. ಬೇರೆ ಮನೆ ಜೇಡಗಳ ಚೀಲ ಹೀಗಿರುವುದಿಲ್ಲ. ಜೇಡ ಕಾಣದಿದ್ದರೂ ಈ ಚೀಲ ಕಂಡರೆ ಸಾಕು, ಗೊತ್ತಾಗಿಬಿಡುತ್ತದೆ.

ಇದು ಇರುವ ಜಾಗ ತಿಳಿದುಕೊಳ್ಳುವುದು ಮುಖ್ಯ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚಿನ ಒಳಬದಿ, ಗೇಟಿನ ಟೊಳ್ಳು ಪೈಪು, ಮೀಟರ್ ಬಾಕ್ಸು, ತಿಂಗಳುಗಟ್ಟಲೆ ಮುಟ್ಟದ ಸೈಕಲ್. ಒಟ್ಟಿನಲ್ಲಿ ನಾವು ನೋಡದೆ ಬೆರಳು ಹಾಕಿ ಎತ್ತುವ ಜಾಗಗಳು. ಇದು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಬೆರಳಿನ ಕೆಳಗೆ ಸಿಕ್ಕಿ ಅಮುಕಿದಾಗ ಕಚ್ಚುತ್ತದೆ. ಹೆಚ್ಚಿನವರಿಗೆ ಕಚ್ಚಿದ ಜಾಗದಲ್ಲಿ ನೋವು, ಕೆಂಪು ಆಗಿ ಕಡಿಮೆಯಾಗುತ್ತದೆ. ಕಪ್ಪು ಮೈ, ಕೆಂಪು ಗುರುತಿನ ಇದರ ನೆಂಟರು ಭಾರತದಲ್ಲಿ ಇದ್ದರೂ ಅಪರೂಪ.

*ರೋಮದ ದೊಡ್ಡ ಜೇಡಗಳು (ಟರಾಂಟುಲಾ).* ಇವುಗಳಲ್ಲಿ ಎರಡು ಬಗೆ. ನೆಲದಲ್ಲಿ, ಮಣ್ಣಿನ ದಿಬ್ಬದಲ್ಲಿ, ಬಿಲದ ಬಾಯಿಗೆ ರೇಷ್ಮೆ ಹೊದಿಸಿಕೊಂಡು ಇರುವವು ಒಂದು. ಮರದ ಪೊಟರೆಯಲ್ಲಿ ಇರುವವು ಇನ್ನೊಂದು. ಮರದ ಬಗೆಗೆ ಪೀಸಿಲೋಥೀರಿಯಾ ಅಂತ ಹೆಸರು. ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಇವು ಸಹಜವಾಗಿ ಇಲ್ಲ. ಅದರಲ್ಲಿ ಒಂದಕ್ಕೆ ಇಂಗ್ಲಿಷಿನಲ್ಲಿ ಮೈಸೂರಿನ ಹೆಸರೇ ಇದೆ. ಮೈಮೇಲೆ ಬೂದು, ಕಪ್ಪು, ಬಿಳಿಯ ಚಿತ್ತಾರ. ಹಲವು ಜಾತಿಗಳಲ್ಲಿ ಮುಂಗಾಲು ಎತ್ತಿದರೆ ಒಳಬದಿ ಕಣ್ಣಿಗೆ ಹೊಡೆಯುವ ಹಳದಿ.

ನಮ್ಮ ಜೇಡಗಳಲ್ಲಿ ಅತಿ ಹೆಚ್ಚು ಮರ್ಯಾದೆ ಕೊಡಬೇಕಾದದ್ದು ಈ ಮರದ ಟರಾಂಟುಲಾಕ್ಕೆ. ತುಂಬಾ ವೇಗ. ಕಚ್ಚಿದರೆ ನೋವು, ಊತ ಮಾತ್ರವಲ್ಲ, ಎಷ್ಟೋ ಗಂಟೆ ಆದಮೇಲೆ ಮೈಯ ಸ್ನಾಯುಗಳೆಲ್ಲ ಹಿಡಿದುಕೊಳ್ಳಬಹುದು. ಆ ಸೆಳೆತ ದಿನಗಟ್ಟಲೆ ಬಂದು ಹೋಗಿ ಮಾಡುತ್ತದೆ. ಕಾಡಿನ ಅಂಚಿನ ಹಂಚಿನ ಮನೆ, ಹಳೇ ಮರದ ಪಕ್ಕದ ಕೊಟ್ಟಿಗೆಗಳಲ್ಲಿ ಒಮ್ಮೊಮ್ಮೆ ಸಿಗುತ್ತವೆ. ಮಳೆಗಾಲದಲ್ಲಿ ಗಂಡುಗಳು ಹೆಣ್ಣು ಹುಡುಕಿಕೊಂಡು ಅಲೆಯುವುದರಿಂದ ಮನೆಯೊಳಗೆ ಬರುವುದು ಆಗಲೇ. ಕೊಲ್ಲುವ ಅಗತ್ಯ ಇಲ್ಲ. ಕಾಡು ಕಡಿದು, ಸಾಕುವವರಿಗೆಂದು ಹಿಡಿದು ಮಾರಿ ಇವು ಈಗಾಗಲೇ ಕಷ್ಟದಲ್ಲಿವೆ. 2019ರಲ್ಲಿ ಇಡೀ ಗುಂಪನ್ನೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದಕ್ಕೆ ಸೇರಿಸಿದ್ದಾರೆ.

*ತಿಳಿ ಹಳದಿಯ ಚೀಲ ಜೇಡ.* ಎಲೆ ಮಡಚಿ, ಇಲ್ಲವೇ ಪರದೆಯ ಮಡಿಕೆಯಲ್ಲಿ, ರೇಷ್ಮೆಯ ಸಣ್ಣ ಚೀಲ ಮಾಡಿಕೊಂಡಿರುತ್ತದೆ. ಕಚ್ಚಿದರೆ ಚುರುಕ್ ಎನ್ನುತ್ತದೆ, ಕೆಲವು ದಿನ ಕೆಂಪಗಿರುತ್ತದೆ. ಮಾಂಸ ಕೊಳೆಯುತ್ತದೆ ಎಂಬ ಭಯ ಅತಿಯಾದದ್ದು.

ಮೊಬೈಲಿನಲ್ಲಿ ಬರುವ ಕೊಳೆತ ಗಾಯದ ಫೋಟೋಗಳ ಜೊತೆ "ಬ್ರೌನ್ ರೆಕ್ಲೂಸ್" ಎಂದು ಬರೆದಿರುತ್ತದೆ. ಆ ಹೆಸರಿನ ಜೇಡ ಉತ್ತರ ಅಮೆರಿಕದ್ದು.

ಹಂತ 4: ಒಳಗೆ ಬಂದದ್ದನ್ನು ಹೊರಗೆ ಬಿಡಿ

1. ಮಕ್ಕಳು, ನಾಯಿ, ಬೆಕ್ಕನ್ನು ಬೇರೆ ಕೋಣೆಗೆ ಕಳಿಸಿ. ಫ್ಯಾನ್ ಆಫ್ ಮಾಡಿ.
2. ಜೇಡ ನಿಂತಿರುವಾಗ ಡಬ್ಬಿಯನ್ನು ನಿಧಾನಕ್ಕೆ ಅದರ ಮೇಲೆ ಬೋರಲು ಹಾಕಿ. ಡಬ್ಬಿಯ ಬಾಯಿ ಜೇಡದ ಕಾಲುಗಳಿಗಿಂತ ಅಗಲ ಇರಬೇಕು.
3. ರಟ್ಟನ್ನು ಗೋಡೆಗೆ ಒತ್ತಿ ಡಬ್ಬಿಯ ಅಡಿಗೆ ತೂರಿಸಿ.
4. ಎರಡನ್ನೂ ಒಟ್ಟಿಗೆ ಹಿಡಿದು ಹೊರಗೆ ಗಿಡದ ಬುಡದಲ್ಲಿ ಬಿಡಿ.

ಟರಾಂಟುಲಾ ಆದರೆ ಈ ಕೆಲಸ ಒಬ್ಬರೇ ಮಾಡಬೇಡಿ. ಅದು ಮುಂಗಾಲು ಎತ್ತಿ ಹಿಂದಕ್ಕೆ ವಾಲಿ ನಿಂತರೆ ಎಚ್ಚರಿಕೆ ಕೊಡುತ್ತಿದೆ ಎಂದರ್ಥ. ಆಗ ಹಿಂದೆ ಸರಿದು, ಹೊರಬಾಗಿಲು ತೆರೆದಿಟ್ಟು ಹತ್ತು ನಿಮಿಷ ಬಿಡಿ. ಹಾವು ಹಿಡಿಯುವ ಅನುಭವಸ್ಥರು ಊರಲ್ಲಿದ್ದರೆ ಅವರನ್ನು ಕರೆಯಿರಿ, ಎಷ್ಟೋ ಜನ ಇದಕ್ಕೂ ಬರುತ್ತಾರೆ.

ಬ್ರೌನ್ ವಿಡೋ ಮಾತ್ರ ಮನೆ ಬಾಗಿಲಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಇದ್ದರೆ ತೆಗೆಯಲೇಬೇಕು. ಕೈಗವಸು ಹಾಕಿ, ಕಡ್ಡಿಯಿಂದ ಜೇಡವನ್ನೂ ಮುಳ್ಳಿನ ಚೀಲಗಳನ್ನೂ ಸೋಪಿನ ನೀರು ತುಂಬಿದ ಡಬ್ಬಿಗೆ ಕೆಡವಿ ಮುಚ್ಚಿಡಿ. ಚೀಲ ಬಿಟ್ಟು ಬರೀ ಜೇಡ ತೆಗೆದರೆ ಏನೂ ಪ್ರಯೋಜನ ಇಲ್ಲ, ಒಂದೊಂದರಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು.

ಹಂತ 5: ಬರದ ಹಾಗೆ ಮಾಡಿ

ಜೇಡ ಬರುವುದು ಊಟಕ್ಕೆ. ಮನೆಗೆ ಹುಳ ಬರುವುದು ಬೆಳಕಿಗೆ. ಹಾಗಾಗಿ ಮೊದಲು ಕೈ ಹಾಕಬೇಕಾದದ್ದು ಹೊರಗಿನ ದೀಪಕ್ಕೆ. ರಾತ್ರಿಯಿಡೀ ಉರಿಯುವ ಬಿಳಿ ಬಲ್ಬಿನ ಬದಲು ಹಳದಿ ಬಣ್ಣದ ಎಲ್‌ಇಡಿ ಹಾಕಿ, ಬಾಗಿಲ ನೆತ್ತಿಯ ಮೇಲಿಂದ ತೆಗೆದು ಸ್ವಲ್ಪ ದೂರಕ್ಕೆ ಹಾಕಿ. ಬೇಡದಾಗ ಆರಿಸಿ. ಹುಳ ಕಡಿಮೆಯಾದರೆ ಜೇಡವೂ ಕಡಿಮೆಯಾಗುತ್ತದೆ. ಈ ಒಂದು ಕೆಲಸ ಮಾಡುವಷ್ಟು ಯಾವ ಸ್ಪ್ರೇಯೂ ಮಾಡುವುದಿಲ್ಲ.

ಆಮೇಲೆ ಅಡಗುವ ಜಾಗ. ಸೌದೆ, ತೆಂಗಿನ ಸಿಪ್ಪೆ, ಒಡೆದ ಹಂಚು, ಇಟ್ಟಿಗೆ ರಾಶಿಗಳನ್ನು ಗೋಡೆಗೆ ಆನಿಸಿ ಇಡಬೇಡಿ. ನೆಲದಿಂದ ಎತ್ತರಿಸಿ, ಮನೆಯಿಂದ ದೂರ ಇಡಿ. ಇದರಿಂದ ಕೆಂಪು ಚೇಳೂ ದೂರವಾಗುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಊರುಗಳಲ್ಲಿ ಮಕ್ಕಳ ಜೀವಕ್ಕೆ ಕುತ್ತು ತಂದಿರುವುದು ಯಾವ ಜೇಡಕ್ಕಿಂತಲೂ ಹೆಚ್ಚು ಆ ಚೇಳು.

ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಜಾಲರಿ, ಪೈಪು ಗೋಡೆ ತೂರುವ ಕಡೆ ಸಿಮೆಂಟ್. ಬಚ್ಚಲ ಮೋರಿಗೆ ಜಾಲರಿ ಮುಚ್ಚಳ ಹಾಕಿದರೆ ಜಿರಳೆಯೂ ನಿಲ್ಲುತ್ತದೆ.

ಬಲೆ ತೆಗೆಯುವುದು ವಾರಕ್ಕೊಮ್ಮೆ ಇರಲಿ. ಹಬ್ಬಕ್ಕೊಮ್ಮೆ ತೆಗೆದರೆ ಅಷ್ಟರಲ್ಲಿ ಮೊಟ್ಟೆ ಒಡೆದಿರುತ್ತದೆ. ಉದ್ದ ಕೋಲಿನ ಪೊರಕೆಯ ತುದಿಗೆ ಒದ್ದೆ ಬಟ್ಟೆ ಸುತ್ತಿದರೆ ಬಲೆ ಅಂಟಿಕೊಂಡು ಬರುತ್ತದೆ, ಧೂಳು ಮುಖಕ್ಕೆ ಬೀಳುವುದಿಲ್ಲ. ವೈರು, ಹೋಲ್ಡರ್ ಇರುವ ಕಡೆ ಮಾತ್ರ ಒಣ ಬಟ್ಟೆಯೇ ಆಗಬೇಕು, ಮೇನ್ ಸ್ವಿಚ್ ಆಫ್ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತಬೇಡಿ. ಬೆಂಕಿಯಿಂದ ಬಲೆ ಸುಡುವುದನ್ನು ಹಂಚಿನ ಮನೆಗಳಲ್ಲಿ ಇನ್ನೂ ಮಾಡುತ್ತಾರೆ, ದಯವಿಟ್ಟು ಬೇಡ. ಒಣಗಿದ ಮರದ ಜಂತಿಗೆ ಒಂದು ಕಿಡಿ ಸಾಕು.

ಇನ್ನು ದಿನದ ಅಭ್ಯಾಸ. ಹೊರಗೆ ಬಿಟ್ಟ ಶೂ, ಹೆಲ್ಮೆಟ್, ತೋಟದ ಕೈಗವಸು ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಮಡಚಿ. ಕಣ್ಣಿಗೆ ಕಾಣದ ಕಡೆ ಕೈ ಹಾಕುವ ಮೊದಲು ಟಾರ್ಚ್ ಹಾಕಿ.

ಹಂತ 6: ಔಷಧಿ ಹೊಡೆಯುವ ಮೊದಲು ಯೋಚಿಸಿ

ಜಿರಳೆಗೆ ಕೆಲಸ ಮಾಡುವ ಔಷಧಿ ಜೇಡಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಜಿರಳೆ ಔಷಧಿ ಹೊಡೆದ ನೆಲಕ್ಕೆ ಮೈ ಉಜ್ಜಿಕೊಂಡು ಓಡಾಡುತ್ತದೆ, ಮೀಸೆ-ಕಾಲು ನೆಕ್ಕಿಕೊಳ್ಳುತ್ತದೆ. ಜೇಡ ಕಾಲಿನ ತುದಿಯಲ್ಲಿ ನಡೆಯುತ್ತದೆ, ದಿನದ ಬಹುಪಾಲು ಬಲೆಯ ಮೇಲೇ ಇರುತ್ತದೆ. ಮೈಗೆ ನೇರ ತಾಗಿದರೆ ಮಾತ್ರ ಸಾಯುತ್ತದೆ. ಹೊಗೆಯ ಡಬ್ಬಿಗಳು ಸಂದಿಯೊಳಗೆ ಮುಟ್ಟುವುದೇ ಇಲ್ಲ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರೆ ಏನು ಹೊಡೆಯುತ್ತೀರಿ ಎಂದು ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಪೈರೆಥ್ರಾಯ್ಡ್ ಗುಂಪಿನದ್ದು ಇರುತ್ತದೆ, ಅಂದರೆ ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ಹೋಲುವ ಕೃತಕ ಔಷಧಿ. ಮೀನಿಗೆ ಇದು ಮಾರಕ. ಅದೇ ಗುಂಪಿನ ಪರ್ಮೆಥ್ರಿನ್ ಬೆಕ್ಕಿಗೂ ಮಾರಕ. ಮೀನಿನ ತೊಟ್ಟಿ ಇದ್ದರೆ ಗಾಳಿ ಪಂಪ್ ನಿಲ್ಲಿಸಿ ಪೂರ್ತಿ ಮುಚ್ಚಿ, ಇಲ್ಲವೇ ಬೇರೆ ಕಡೆ ಸಾಗಿಸಿ. ಹೊಲಕ್ಕೆ ತಂದ ಕೀಟನಾಶಕವನ್ನು ಮನೆಯೊಳಗೆ ಯಾವ ಕಾರಣಕ್ಕೂ ಹೊಡೆಯಬೇಡಿ.

ಅಂಟು ಹಾಳೆ ಇಟ್ಟರೆ ಹಲ್ಲಿ, ಹಾವುರಾಣಿಯೂ ಸಿಕ್ಕಿ ನರಳುತ್ತವೆ. ನಿಂಬೆ ಎಣ್ಣೆಗೆ ಜೇಡ ಹೆದರುತ್ತದೆ ಎಂಬುದನ್ನು ಪ್ರಯೋಗ ಮಾಡಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಿಂಬೆ ಎಣ್ಣೆ ಕೆಲಸ ಮಾಡಲಿಲ್ಲ. ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಕೆಲವು ಜೇಡಗಳನ್ನು ದೂರ ಇಟ್ಟಿತು, ಎಲ್ಲವನ್ನೂ ಅಲ್ಲ.

ಹಂತ 7: ಕಚ್ಚಿದರೆ

1. ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ.
2. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹತ್ತು ನಿಮಿಷ ಇಡಿ, ತೆಗೆಯಿರಿ, ಮತ್ತೆ ಇಡಿ.
3. ಉಂಗುರ, ಬಳೆ, ವಾಚ್ ಊತ ಬರುವ ಮೊದಲೇ ತೆಗೆಯಿರಿ.
4. ಕಚ್ಚಿದ ಸಮಯ ಬರೆದಿಡಿ. ಜೇಡದ ಫೋಟೋ ಇದ್ದರೆ ಡಾಕ್ಟರಿಗೆ ತೋರಿಸಿ.
5. ಟಿಟಿ ಇಂಜೆಕ್ಷನ್ ಹಾಕಿಸಿ ತುಂಬಾ ವರ್ಷ ಆಗಿದ್ದರೆ ಡಾಕ್ಟರಿಗೆ ಹೇಳಿ.

ನೋವು ಮೇಲಕ್ಕೆ ಹರಡುತ್ತಿದ್ದರೆ, ಹೊಟ್ಟೆ ಅಥವಾ ಬೆನ್ನು ಹಿಡಿದುಕೊಂಡರೆ, ವಿಪರೀತ ಬೆವರಿದರೆ, ವಾಂತಿ, ಉಸಿರಾಟದ ತೊಂದರೆ ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಣ್ಣ ಮಕ್ಕಳು, ಬಸುರಿಯರು, ವಯಸ್ಸಾದವರನ್ನು ಲಕ್ಷಣ ಕಡಿಮೆ ಇದ್ದರೂ ತೋರಿಸಿ.

ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು, ಸುಣ್ಣ ಅಥವಾ ಸೀಮೆಎಣ್ಣೆ ಹಚ್ಚುವುದು ಬೇಡವೇ ಬೇಡ. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರು ಎಂಬ ಸುದ್ದಿ ದೇಶವೆಲ್ಲ ಹಬ್ಬಿತ್ತು. ಅವರು ಮಾಂತ್ರಿಕರ ಹತ್ತಿರ ಹೋಗಿ ಬ್ಲೇಡಿನಿಂದ ಗಾಯ ಕೊಯ್ಸಿಕೊಂಡಿದ್ದರು ಎಂದು ಅಲ್ಲಿನ ವೈದ್ಯರು ಆಗಲೇ ಹೇಳಿದ್ದರು. ಹಾಗೆಯೇ, ಗಾಯದ ರಕ್ತ ನಿಲ್ಲಲಿ ಎಂದು ಗೋಡೆಯ ಬಿಳಿ ಜೇಡರ ಚೀಲ ಅಂಟಿಸುವ ಹಳೇ ಪದ್ಧತಿಯನ್ನೂ ಬಿಡಿ. ಅದರ ಜೊತೆ ಗೋಡೆಯ ಕೊಳೆಯೂ ಗಾಯಕ್ಕೆ ಸೇರುತ್ತದೆ.

ಈಗ ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಏನೋ ಚುಚ್ಚಿದ ಹಾಗಾಗಿ, ಏನೂ ಕಾಣದೆ ಇದ್ದರೆ "ಜೇಡ ಇರಬೇಕು" ಅಂತ ಸುಮ್ಮನಾಗಬೇಡಿ. ಕಟ್ಟು ಹಾವಿನ ಕಡಿತ ಹೀಗೇ ಇರುತ್ತದೆ. ನೋವೇ ಇರುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ, ಮಾತು ತೊದಲುವುದು ಕಂಡರೆ ಒಂದು ನಿಮಿಷವೂ ತಡ ಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಜೇಡ ಕಚ್ಚಿದ್ದನ್ನು ಕಣ್ಣಾರೆ ನೋಡಿದ್ದರೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಬೇಕೆಂದು ಹಟ ಮಾಡಬೇಡಿ, ಅದು ಜೇಡದ ವಿಷಕ್ಕೆ ಕೆಲಸ ಮಾಡುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಇರುವ ಕನ್ನಡಿಗರಿಗೆ ಒಂದು ಮಾತು. ಸಿಡ್ನಿ ಕಡೆಯ ಫನಲ್-ವೆಬ್ ಕಚ್ಚಿದರೆ ಕೈ ಅಥವಾ ಕಾಲಿಗೆ ಪೂರ್ತಿ ಬ್ಯಾಂಡೇಜ್ ಸುತ್ತಿ, ಅಲ್ಲಾಡಿಸದೆ ಆಂಬ್ಯುಲೆನ್ಸ್ ಕರೆಯಬೇಕು. ರೆಡ್‌ಬ್ಯಾಕ್‌ಗೆ ಬ್ಯಾಂಡೇಜ್ ಬೇಡ. ಎರಡಕ್ಕೂ ಅಲ್ಲಿ ಔಷಧಿ ಇದೆ.

"ಜೇಡ ಹರಿದಿದೆ" ಅಂದಾಗ

ಜೇಡ ಮೈಮೇಲೆ ಹರಿದರೆ, ಉಚ್ಚೆ ಹೊಯ್ದರೆ ಗುಳ್ಳೆ ಏಳುವುದಿಲ್ಲ. ಬೆಳಗ್ಗೆ ಎದ್ದಾಗ ಕುತ್ತಿಗೆ, ಕೆನ್ನೆ ಮೇಲೆ ಗೀಟು ಎಳೆದಂತೆ ಸುಟ್ಟ ಗಾಯ ಇದ್ದರೆ ಅದು ಹೆಚ್ಚಾಗಿ ಪೀಡರಸ್ ಎಂಬ ಪುಟ್ಟ ಜೀರುಂಡೆಯ ಕೆಲಸ. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಕಿತ್ತಳೆ-ಕಪ್ಪು ಪಟ್ಟೆ, ಮಳೆಗಾಲದಲ್ಲಿ ಟ್ಯೂಬ್‌ಲೈಟ್ ಹತ್ತಿರ ಬರುತ್ತದೆ. ಅದು ಕಚ್ಚುವುದಿಲ್ಲ. ನಿದ್ದೆಯಲ್ಲಿ ನಾವೇ ಉಜ್ಜಿ ಸಾಯಿಸಿದಾಗ ಅದರ ಮೈಯೊಳಗಿನ ರಸ ಚರ್ಮ ಸುಡುತ್ತದೆ. ಮೈಮೇಲೆ ಕಂಡರೆ ಊದಿ ಓಡಿಸಿ, ಒರೆಸಬೇಡಿ. ತಾಗಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರು ಗುಳ್ಳೆ, ಅದಕ್ಕೆ ಮೊದಲೇ ಎರಡು ದಿನ ಉರಿ, ಚುಚ್ಚು ನೋವು ಇದ್ದರೆ ಅದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಉಳಿದು ಮತ್ತೆ ಎದ್ದದ್ದು. ಕೆಮ್ಮಣ್ಣು ಹಚ್ಚಿಸಿಕೊಂಡು, ಮಂತ್ರ ಹಾಕಿಸಿಕೊಂಡು ದಿನ ಕಳೆಯಬೇಡಿ. ಇದರ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಗುಣ ಚೆನ್ನಾಗಿರುತ್ತದೆ. ಗುಳ್ಳೆ ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಎದ್ದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರನ್ನೂ ಕಾಣಿ.